ಹೆಡ್‌ಮಾಸ್ತರರೂ ನನ್ನ ಅರ್ಧ ಸಾಕ್ಷಿಯೂ

ಮೊನ್ನೆ ಹಲ್ಲುನೋವು ತಾಳಲಾರದೆ ಒಂದು ಲವಂಗ ಬಾಯಿಗೆ ಹಾಕಿಕೊಂಡೆ. ಖಾರ ನಾಲಿಗೆಗೆ ತಾಗುವ ಮೊದಲೇ ವಾಸನೆ ಮೂಗಿಗೆ ಬಂತು. ಬಂದದ್ದೇ ತಡ, ಇಳಕಲ್ಲಿನ ಶಾಲೆಯ ಹೆಡ್‌ಮಾಸ್ತರರು ಪಕ್ಕದಲ್ಲಿ ಬಂದು ಕೂತಂತಾಯಿತು. ಅವರು ಸದಾ ಲವಂಗ ಅಗಿಯುತ್ತಿದ್ದರು. ಸಂಜೆ ಕುಡಿದ ಸೆರೆಯ ನಾತ ಬೆಳಿಗ್ಗೆ ಮಕ್ಕಳಿಗೆ ಬಡಿಯಬಾರದೆಂದು. ಊರಿಗೆಲ್ಲ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ...

ಜರ್ಮನಿಯೊಂದಿಗೆ ದೊಡ್ಡ ಯುದ್ಧ ನಡೆದಿದ್ದ ಕಾಲ ಅದು. ನಾನು ಅದೇ ಶಾಲೆಯಲ್ಲಿ ಎರಡನೆಯ ಮಾಸ್ತರ. ಒಂದು ದಿನ ತಾಲೂಕಿನ ಸಾಹೇಬರು ಬಂದು ಶಾಲೆಯ ಅಂಗಳದಲ್ಲಿ ಸಭೆ ಕೂಡಿಸಿದರು. ವಿಲಾಯತಿಯಲ್ಲಿ ಯುದ್ಧದ ಹೊಣೆ ಹೊತ್ತಿದ್ದ ಮಂತ್ರಿಯೊಬ್ಬರ ಭಾಷಣ ಇಂಗ್ಲಿಷ್ ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ಕನ್ನಡದಲ್ಲಿ ಹೇಳಲು ಹೆಡ್‌ಮಾಸ್ತರರನ್ನು ನಿಲ್ಲಿಸಿದರು. ಕುಡಿತವು ಎದುರಿನ ವೈರಿಗಿಂತ ಹೆಚ್ಚು ಹಾನಿ ಮಾಡುತ್ತಿದೆ, ದೇಶ ಗೆಲ್ಲಬೇಕಾದರೆ ಮನುಷ್ಯ ಮೊದಲು ತನ್ನನ್ನು ಹಿಡಿತದಲ್ಲಿ ಇಟ್ಟುಕೊಳ್ಳಬೇಕು ಎಂಬುದು ಅದರ ಸಾರ. ಅಲ್ಲಿಯ ಅರಸರೂ ಅರಮನೆಯಲ್ಲಿ ಮದ್ಯ ನಿಲ್ಲಿಸಿದ್ದಾರೆ ಎಂದು ಹೇಳುವಾಗ ಹೆಡ್‌ಮಾಸ್ತರರ ದನಿ ಸಣ್ಣದಾಯಿತು.

ಹಿಂದೆ ಕೂತಿದ್ದ ಮುದುಕರೊಬ್ಬರು ಎದ್ದರು. ಸೀರೆಯ ನೂಲಿಗೆ ಬಣ್ಣ ಹಾಕುವ ಸಾಬರು. ಅವರ ಹಿರಿಯ ಮಗ ಕುಡಿದೇ ಸತ್ತಿದ್ದ.

“ಮಾಸ್ತರ್ರ, ಒಂದು ಮಾತು. ಅಷ್ಟ ಕೆಟ್ಟದ್ದಾದ್ರ ನಮ್ಮೂರ ಸೆರೆ ಅಂಗಡಿ ವರ್ಷಾ ಲಿಲಾವು ಮಾಡವ್ರು ಯಾರ್ರಿ?”

ವರ್ಷವರ್ಷ ಅಂಗಡಿಯನ್ನು ಹರಾಜು ಹಾಕುತ್ತಿದ್ದದ್ದು ಸರಕಾರವೇ. ಒಂದಿಬ್ಬರು ನಕ್ಕರು, ಸಾಹೇಬರ ಮುಖ ನೋಡಿ ಸುಮ್ಮನಾದರು. ಹೆಡ್‌ಮಾಸ್ತರರು ಪತ್ರಿಕೆ ಮಡಿಸಿ ಕೂತುಬಿಟ್ಟರು.

ಮರುದಿನದಿಂದ ಅವರು ಕುಡಿಯಲಿಲ್ಲ. ಯಾರಿಗೂ ಹೇಳಲಿಲ್ಲ, ಆಣೆ ಮಾಡಲಿಲ್ಲ. ಕೈ ನಡುಗಿ ಸೀಮೆಸುಣ್ಣದ ಖಡು ಬೀಳುತ್ತಿತ್ತು. ಮೂರು ವಾರ ಕರಿ ಫಳಿಯ ಮೇಲೆ ಬರೆಯುವ ಕೆಲಸ ನಾನೇ ಮಾಡಿದೆ. ಒಮ್ಮೆ ಬಾಗಿಲ ಕಟ್ಟೆಗೆ ಕೂತು, “ತಮ್ಮಾ, ಮಂದಿಗೆ ಓದಿ ಹೇಳೋದು ಸಸಾರ ನೋಡಪಾ, ತಾ ಮಾಡೋದ ಕಷ್ಟ,” ಎಂದಷ್ಟೇ ಹೇಳಿದರು.

ಮೈ ಸ್ವಲ್ಪ ಸುಧಾರಿಸಿದ ಮೇಲೆ, ಸಂತೆಯ ದಿನ, ಅದೇ ಪತ್ರಿಕೆ ಹಿಡಿದು ಸೆರೆ ಅಂಗಡಿಯ ಎದುರು ಬೇವಿನ ಗಿಡದ ಕೆಳಗೆ ನಿಂತರು. ನಾನೂ ಜೊತೆಗಿದ್ದೆ. ಕುಡಿಯಲು ಬಂದ ನೇಕಾರರಿಗೆ ಮಂತ್ರಿಯ ಮಾತು ಓದಿ ಹೇಳಿದರು. ಕೊನೆಗೆ ಪತ್ರಿಕೆ ಕೆಳಗಿಳಿಸಿ ಅಂದರು:

“ತನ್ನನ್ನ ತಾ ಆಳಾಕ ಬರದವ ಮಂದೀನ್ನ ಆಳಬಾರದು. ಈ ಮಾತು ಮೊದಲ ನನಗ ಹತ್ತತೈತಿ. ನಾ ಕುಡುಕ, ನಿಮ್ಮ ಮಕ್ಕಳಿಗೆ ಮಾಸ್ತರ ಆಗೇನಿ. ಆಮ್ಯಾಲೆ ಸೆರೆ ಅಂಗಡಿ ಲಿಲಾವು ಮಾಡೋ ಸರಕಾರಕ್ಕೂ ಹತ್ತತೈತಿ.”

ಅಷ್ಟು ಮಂದಿಯ ಮುಂದೆ ಒಬ್ಬ ಮಾಸ್ತರ ತಾನು ಕುಡುಕನೆಂದು ಹೇಳಿಕೊಂಡದ್ದನ್ನು ಇಳಕಲ್ ಅದುವರೆಗೆ ಕೇಳಿರಲಿಲ್ಲ. ಸುಮಾರು ಜನ ಅಂದು ಕುಡಿಯದೆ ಹಾಗೇ ಮನೆಗೆ ಹೋದರು. ಬಣ್ಣದ ಸಾಬರು ಬಂದು ಅವರ ಎರಡೂ ಕೈ ಹಿಡಿದುಕೊಂಡು ನಿಂತರು.

ಅಂಗಡಿಯ ಗುತ್ತಿಗೆದಾರ ಹೆಡ್‌ಮಾಸ್ತರರ ಮೇಲೆ ಸರಕಾರಕ್ಕೆ ಅರ್ಜಿ ಕೊಟ್ಟ. ಚೌಕಶಿಗೆ, ವಿಚಾರಣೆಗೆಂದು, ಒಬ್ಬ ಅಧಿಕಾರಿ ಬಂದು ನನ್ನನ್ನು ಒಬ್ಬನನ್ನೇ ಕರೆದ.

“ಸರಕಾರಕ್ಕ ಆಳಾಕ ಬರೂದಿಲ್ಲ ಅಂದ್ರೋ ಇಲ್ಲೋ? ಹೌದೋ ಅಲ್ಲೋ, ಅಷ್ಟ ಹೇಳ್ರಿ.”

“ಆ ಅರ್ಥ ಬರೂ ಹಂಗ ಅಂದ್ರು... ಹೌದ್ರಿ,” ಎಂದೆ.

ಆ ಮಾತು ಮೊದಲು ತಮಗೇ ಅನ್ವಯಿಸುತ್ತದೆ ಎಂದಿದ್ದರು ಅವರು, ಅದನ್ನೂ ಬರೆದುಕೊಳ್ಳಿ ಎನ್ನಬೇಕಿತ್ತು. ಆದರೆ ನನಗೆ ಆಗಷ್ಟೇ ಮಗಳು ಹುಟ್ಟಿದ್ದಳು, ನೌಕರಿ ಹೊಸದು. ಅಧಿಕಾರಿ ಶಾಯಿ ದೌತಿಯ ಮುಚ್ಚಳ ಹಾಕಿದ. ನಾನು ಎದ್ದು ಬಂದೆ.

ಹೆಡ್‌ಮಾಸ್ತರರನ್ನು ದರ್ಜೆ ಇಳಿಸಿ ಬಾದಾಮಿ ಕಡೆಯ ಒಂದು ಸಣ್ಣ ಹಳ್ಳಿಗೆ ಹಾಕಿದರು. ಅವರ ಕುರ್ಚಿಗೆ ನನ್ನನ್ನು ಕೂಡಿಸಿದರು. ಚಕ್ಕಡಿ ಹತ್ತುವ ಮೊದಲು ಅವರು ನನಗೆ ಶಾಲೆಯ ಕೀಲಿ ಕೊಟ್ಟು, ಮಳೆಗಾಲದಲ್ಲಿ ಮಾಳಿಗೆ ಎಲ್ಲಿ ಸೋರುತ್ತದೆ ಎಂದು ತೋರಿಸಿ ಹೋದರು.

ವರ್ಷದ ಮೇಲೆ ಗುಳೇದಗುಡ್ಡದಲ್ಲಿ ಸಿಕ್ಕರು. ನಾನು ಮನೆಯವಳಿಗೆ ಕುಪ್ಪಸದ ಖಣ ತರಲು ಹೋಗಿದ್ದೆ. ಬಹಳ ಇಳಿದುಹೋಗಿದ್ದರು. ಒಂದು ಮನೆಯ ಮಗ್ಗದ ಸದ್ದಿನ ಪಕ್ಕ ಕಟ್ಟೆಯ ಮೇಲೆ ಕೂತೆವು.

“ಬಿಟ್ಟದ್ದು ಬಿಟ್ಟೀರೇನ್ರಿ?” ಎಂದು ಕೇಳಿದೆ.

“ಒಮ್ಮಿ ಬಿಟ್ರ ಮುಗೀತು ಅಂದ್ಕೊಂಡಿದ್ದೆ. ದಿನಾ ಬಿಡಬೇಕಾಗತೈತಿ ತಮ್ಮಾ. ದೊಡ್ಡ ರಾಜ್ಯ ಹೆಂಗ ನಡಸ್ತಾರೋ ಏನೋ, ನನಗ ಒಂದು ಸಂಜಿ ದಾಟಸೂದ್ರಾಗ ಸಾಕಾಗತೈತಿ.”

ನಾನು ಸಾಕ್ಷಿಯ ಮಾತು ತೆಗೆಯಹೋದೆ. ಅವರು ಕೈಯೆತ್ತಿ ತಡೆದರು.

“ನೀ ಸುಳ್ಳೇನೂ ಹೇಳಿಲ್ಲಲ್ಲ. ಬಿಡು.”

ಬೈದಿದ್ದರೆ ಹಗುರಾಗುತ್ತಿದ್ದೆನೇನೋ...

ಯುದ್ಧ ಮುಗಿಯುತ್ತಿದ್ದಂತೆ ಊರೂರಿಗೆ ಜ್ವರ ಬಂತು. ಅವರು ಅದರಲ್ಲೇ ಹೋದರೆಂದು ತಿಂಗಳು ಕಳೆದ ಮೇಲೆ ತಿಳಿಯಿತು. ಆ ಹಳ್ಳಿಗೆ ಹೋಗಿ ಮನೆಯವರನ್ನು ಕಂಡು ಬರಬೇಕೆಂದಿದ್ದೆ. ಶಾಲೆ ತಪಾಸಣೆ ಬಂತು, ಆಮೇಲೆ ಬೇಸಿಗೆ, ಆಮೇಲೆ ಇನ್ನೇನೋ. ಹೋಗಲಿಲ್ಲ.

ಈಗ ನಾನೂ ಶಾಲೆ ಬಿಟ್ಟು ಮನೆಯಲ್ಲಿದ್ದೇನೆ. ನನ್ನ ಸಾಕ್ಷಿ ಬರೆದುಕೊಂಡ ಅಧಿಕಾರಿ ಎಲ್ಲಿದ್ದಾನೋ ಗೊತ್ತಿಲ್ಲ. ಬಣ್ಣದ ಸಾಬರೂ ಇಲ್ಲ. ಸೆರೆ ಅಂಗಡಿ ಈ ವರ್ಷವೂ ಲಿಲಾವಾಯಿತು. “ಮೊದಲ ನನಗ ಹತ್ತತೈತಿ” ಎಂದಿದ್ದರು ನಮ್ಮ ಹೆಡ್‌ಮಾಸ್ತರರು. ಬೇವಿನ ಗಿಡದ ಕೆಳಗೆ, ಎಲ್ಲರ ಮುಂದೆ ಅಂದಿದ್ದರು. ನಾನು ಕಿವಿಯಾರೆ ಕೇಳಿದ್ದೇನೆ.