ಬಳೆಯ ಅಳತೆ

ದೀಪಾವಳಿಗೆ ಎರಡೇ ದಿನ ಉಳಿದಿತ್ತು. ಕೆಲಸ ಮುಗಿಸಿ ಚಿತ್ತಾಪುರದಿಂದ ಊರಿಗೆ ಹೊರಟಿದ್ದ ನಾನು, ಹೆಂಡತಿಗೆ ಹಸಿರು ಬಳೆ ಒಯ್ಯೋಣವೆಂದು ಅಂಗಡಿಯೊಂದಕ್ಕೆ ನುಗ್ಗಿದೆ. ಒಳಗೆ ಕಾಲಿಡಲು ಜಾಗವಿಲ್ಲ, ಎಲ್ಲರೂ ಹೆಂಗಸರೇ.

"ಅಳತಿ ಹೇಳ್ರಿ ಸಾಹೇಬ್ರ," ಎಂದರು ಅಂಗಡಿ ನಡೆಸುವ ಹಿರಿಯಾಕೆ. ಅವರನ್ನು ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು.

"ಗೊತ್ತಿಲ್ರೀ ಖಾಲಾ. ಹೋದ ವರ್ಷ ಅಂದಾಜಿಲೆ ಒಯ್ದಿದ್ದೆ, ಕೈಯಾಗ ಇಳೀಲೇ ಇಲ್ಲ. ಆಕಿ ಹಂಗೇ ಪೆಟ್ಟಿಗ್ಯಾಗ ಎತ್ತಿಟ್ಟಳು."

"ಫೋನ್ ಹಚ್ಚಿ ಕೇಳ್ರಲ್ಲ," ಎಂದಳು ಒಬ್ಬಾಕೆ.

"ಹೇಳದೇ ಒಯ್ಯಬೇಕಂತೀನ್ರಿ."

ಅಷ್ಟು ಗದ್ದಲದಲ್ಲೂ ಖಾಲಾ ಬೇಸರಿಸಲಿಲ್ಲ. ಗಿರಾಕಿಗಳ ಕಡೆ ತಿರುಗಿ, "ಎಲ್ಲಾರೂ ಒಂದೀಟು ಕೈ ಮುಂದ ಮಾಡ್ರವಾ, ಇವರು ನೋಡಲಿ," ಎಂದರು. ಗಾಜಿನ ಪೆಟ್ಟಿಗೆಯ ಮೇಲೆ ಆರು ಕೈಗಳು ಸಾಲಾಗಿ ಬಂದವು. ನಾನು ಮೇಲೆ ಛಾವಣಿ ನೋಡತೊಡಗಿದೆ.

"ನಾಚಬ್ಯಾಡೋ ತಮ್ಮಾ, ನೆಟ್ಟಗ ನೋಡು," ಎಂದು ಕೊಡ್ಲಿ ಎಂಬ ಹಳ್ಳಿಯಿಂದ ಬಂದಿದ್ದ ಅಜ್ಜಿ ಗದರಿಸಿದಳು. ನೋಡಿದೆ. ರೊಟ್ಟಿ ಬಡಿದು ಅಗಲವಾದ ಅಂಗೈ, ಗಟ್ಟಿ ಗೆಣ್ಣು. ಆ ಅಜ್ಜಿಯ ಕೈ ಥೇಟ್ ನನ್ನ ಹೆಂಡತಿಯ ಕೈಯಂತೆಯೇ ಇತ್ತು!

ಖಾಲಾ ಆ ಅಳತೆಯ ಒಂದು ಡಜನ್ ಕಟ್ಟಿದರು. ಅದಕ್ಕಿಂತ ದೊಡ್ಡದನ್ನೂ ಜೊತೆಗಿಟ್ಟು, "ಯಾವುದು ಆಗಂಗಿಲ್ಲೋ ಅದನ್ನ ಈ ಕಡೆ ಬಂದಾಗ ತಂದು ಕೊಡ್ರಿ," ಎಂದರು.

ಮನೆಗೆ ಹೋಗಿ ಕೊಟ್ಟಾಗ ಮೊದಲನೆಯವೇ ಸಲೀಸಾಗಿ ಇಳಿದವು. ಹೆಂಡತಿ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಅಳತಿ ಹ್ಯಾಂಗ ಗೊತ್ತಾತ್ರೀ ನಿಮಗ?"

"ನಿನ್ನ ಕೈ ನನಗ ಗೊತ್ತಿರಂಗಿಲ್ಲೇನು?" ಎಂದೆ.

ಪರಹೆಂಗಸರ ಕೈ ನೋಡಿ ಬಂದ ಸಂಗತಿಯನ್ನು ಹಬ್ಬ ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದೆ. ಅದಾದ ಮೇಲೆ ಎರಡು ಹಬ್ಬ ಮುಗಿದಿವೆ.