ಮೊದಲ ಗುಂಡು ಮಾಡಿದವನಿಗೇ

ಕೋವಿ ರಿಪೇರಿ ಅಂಗಡಿಯ ಹೆಂಗಸನ್ನು ಊರೆಲ್ಲ ಕೋವಿಯಕ್ಕ ಎಂದೇ ಕರೆಯುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ಅರ ಹಿಡಿದು ಅಂಗಡಿ ನಡೆಸಿದವಳು. ಎಡಗಿವಿಯ ತುದಿ ಇರಲಿಲ್ಲ. ಯಾವನೋ ಪುಣ್ಯಾತ್ಮ ಗುಂಡು ತೆಗೆಯದೆ ಕೋವಿಯನ್ನು ರಿಪೇರಿಗೆ ಕೊಟ್ಟಿದ್ದ. "ಕೋವಿಗೆ ಅಣ್ಣ ತಮ್ಮ ಅಂತ ಗೊತ್ತಾಗಲ್ಲ" ಎಂದು ನಗುತ್ತಿದ್ದಳು.

ಒಂದು ಬೆಳಿಗ್ಗೆ ಬಂಗಲೆಯ ಯಜಮಾನ ಹಳೆಯ ರೈಫಲೊಂದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದ. ಅದನ್ನು ಮ್ಯೂಸಿಯಮ್ಮಿಗೆ ಕೊಡುವುದಿತ್ತು. ಮಾಡಿದವರು ಯಾರೆಂದು ಬರೆದುಕೊಡಬೇಕಂತೆ. ಅವಳು ತಿರುಪು ಬಿಚ್ಚಿ ಮರದ ಹಿಡಿಯಿಂದ ನಳಿಗೆಯನ್ನು ಬೇರ್ಪಡಿಸಿದಳು. ನಳಿಗೆಯ ಅಡಿಯಲ್ಲಿ ಮೂರು ಚುಕ್ಕೆ, ಒಂದು ಗೀಟು. ಅವಳು ಬೆರಳಿನಿಂದ ಅದನ್ನು ಸವರಿ ನೋಡಿದಳು. ಅಂಗಡಿಯಲ್ಲಿದ್ದ ಅಜ್ಜನ ಇಕ್ಕಳ, ಸುತ್ತಿಗೆಗಳ ಮೇಲೆಲ್ಲ ಇದ್ದದ್ದು ಅದೇ ಗುರುತು.

"ಇದು ನಿಮ್ಮನೆಗೆ ಹೇಗೆ ಬಂತು?"

"ನಮ್ಮಜ್ಜ ಮಾಡಿಸಿದ್ದು. ಇಂಥದ್ದು ಇನ್ನೊಬ್ಬನ ಕೈಗೆ ಸಿಗಬಾರದು ಅಂತ ಮೊದಲ ಗುಂಡು ಮಾಡಿದವನಿಗೇ ಹೊಡೆದ್ನಂತೆ!" ಯಜಮಾನ ಹೊಟ್ಟೆ ಹಿಡಿದುಕೊಂಡು ನಕ್ಕ. "ಅವನ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ."

ಅವನು ರೈಫಲನ್ನು ಬಿಟ್ಟು ಹೋದ ಮೇಲೆ ಅವಳು ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಸೋದರತ್ತೆಯ ಮುಂದೆ ಕೂತಳು.

"ಅತ್ತೆ, ಅಜ್ಜ ಸತ್ತಿದ್ದು ಜ್ವರದಿಂದ ತಾನೆ?"

ಬಟ್ಟೆ ಮಡಚುತ್ತಿದ್ದ ಮುದುಕಿಯ ಕೈ ನಿಂತಿತು. "ಎಲ್ಲಿಯ ಜ್ವರ! ಬಂಗಲೆಯವರು ಮೊದಲು ಮಂಡಿಗೆ ಹೊಡೆದ್ರು. ಅಪ್ಪ ತೆವಳಿಕೊಂಡು ಬಾಗಿಲ ತನಕ ಬಂದ್ರು. ಆಮೇಲೆ ಬಾಯಿಗೆ. ನನಗಾಗ ಏಳು ವರ್ಷ. ಚೆಲ್ಲಿದ ಹಲ್ಲು ಆರಿಸಿದ್ದು ನಾನೇ ಕಣೇ. ಬಾಯಿ ಬಿಟ್ರೆ ಉಳಿದವರನ್ನೂ ಮುಗಿಸ್ತೀವಿ ಅಂದಿದ್ರು."

ಎರಡು ದಿನ ಬಿಟ್ಟು ಯಜಮಾನ ಬಂದಾಗ ಕಾಗದ ಸಿದ್ಧವಾಗಿತ್ತು: ಮಾಡಿದವನ ಹೆಸರು, ಅವನನ್ನು ಕೊಂದವನ ಹೆಸರು, ಕೊಂದ ರೀತಿ. ಓದಿ ಅವನ ಮುಖ ಕಪ್ಪಿಟ್ಟಿತು.

"ಹೆಸರೊಂದೇ ಸಾಕು. ಉಳಿದದ್ದು ಹೊಡೆದು ಹಾಕು."

"ಅದೂ ಇದೂ ಒಟ್ಟಿಗೇ ಬರೋದು, ಯಜಮಾನ್ರೇ."

ಅವನು ರೈಫಲನ್ನು ತಿರುಗಿಸಿ ಹಿಡಿದು ಬೀಸಿದ. ಅವಳ ಹೆಗಲ ಮೂಳೆ ಲಟಕ್ಕೆಂದಿತು. ಅಡ್ಡ ಬಂದ ಅತ್ತೆಯ ದವಡೆಗೆ ಎರಡನೇ ಪೆಟ್ಟು ಬಿತ್ತು. ಮುದುಕಿ ಹೊಸ್ತಿಲ ಮೇಲೆ ಕುಸಿದಳು, ಬಾಯಿಂದ ರಕ್ತ ಬಳಬಳ ಸುರಿಯಿತು. ಅಲ್ಲಿಯವರೆಗೆ ನೋವಷ್ಟೇ ಇದ್ದ ಕೋವಿಯಕ್ಕನಿಗೆ ಸಿಟ್ಟು ನೆತ್ತಿಗೇರಿತು. ಸುತ್ತಿಗೆ ಎತ್ತಿ ಅವನ ಮುಂಗೈಗೆ ಹೊಡೆದಳು, ಇನ್ನೊಮ್ಮೆ, ಮತ್ತೊಮ್ಮೆ. ಅವನು ಅರಚುತ್ತ ನೆಲಕ್ಕೆ ಬಿದ್ದಾಗ ಸುತ್ತಿಗೆ ತಲೆಯ ಮೇಲಕ್ಕೇ ಎದ್ದಿತು. ಅತ್ತೆ ತೆವಳಿ ಬಂದು ಅವಳ ಕಾಲು ತಬ್ಬಿದಳು. ಬೇಡವೆಂದು ತಲೆ ಅಲ್ಲಾಡಿಸಿದಳು. ಸುತ್ತಿಗೆ ಇಳಿಯಿತು.

ಇಬ್ಬರ ಮೇಲೂ ಕೇಸಾಯಿತು. ಅವನಿಗೆ ಎರಡು ವರ್ಷ ಜೈಲು, ಅವಳಿಗೆ ಎಂಟು ತಿಂಗಳು. ಅವನ ಬಲಗೈ ಮತ್ತೆ ಮುಷ್ಟಿ ಕಟ್ಟಲಿಲ್ಲ. ವಿಚಾರಣೆಯ ದಿನ ಅವಳು ಬರೆದ ಕಾಗದವನ್ನು ಕೋರ್ಟಿನಲ್ಲಿ ಗುಮಾಸ್ತ ಗಟ್ಟಿಯಾಗಿ ಓದಿದ. ತನ್ನ ಅಪ್ಪನ ಹೆಸರು ಕಿವಿಗೆ ಬೀಳುತ್ತಲೇ ದವಡೆಗೆ ಪಟ್ಟಿ ಕಟ್ಟಿಕೊಂಡಿದ್ದ ಅತ್ತೆ ಎದ್ದು ನಿಂತಳು. "ಕೂತ್ಕೊಳ್ಳಮ್ಮ" ಎಂದು ಎರಡು ಸಲ ಹೇಳಿದರೂ, ಓದಿ ಮುಗಿಯುವ ತನಕ ಕೂರಲಿಲ್ಲ.