ಈಗ ಬಂತಾ, ಅಕ್ಕ?

ತಿಲಕ್ ನಗರದ ಆ ಟಿ.ವಿ. ಮೆಕ್ಯಾನಿಕ್ ನಮ್ಮ ಮನೆಗೆ ಬಂದರೆ ನೇರವಾಗಿ ಸೆಟ್ಟಿನ ಹಿಂದೆ ಹೋಗಿ ಕೂರುತ್ತಿದ್ದರು. ವೈರುಗಳನ್ನು ಒಂದೊಂದಾಗಿ ಕಿತ್ತು, ತುದಿ ಊದಿ, ಮತ್ತೆ ಸಿಕ್ಕಿಸಿ, ಅಲ್ಲಿಂದಲೇ "ಈಗ ಬಂತಾ, ಅಕ್ಕ?" ಎಂದು ಕೇಳುತ್ತಿದ್ದರು. ಪರದೆ ಇತ್ತ ಕಡೆ ಇರುವುದರಿಂದ ನೋಡಿ ಹೇಳುವುದು ನನ್ನ ಕೆಲಸ. "ಇಲ್ಲಣ್ಣ" ಎಂದರೆ ಬೇಸರವಿಲ್ಲದೆ ಇನ್ನೊಂದು ವೈರಿಗೆ ಕೈ ಹಾಕುತ್ತಿದ್ದರು.

ಕೊನೆಯ ಸಲ ಅವರು ಬಂದದ್ದು, ಚಿತ್ರವೂ ಇಲ್ಲ, ಧ್ವನಿಯೂ ಇಲ್ಲ ಎಂದು ನಾನು ಕರೆಸಿದಾಗ. ಬಹಳ ಹೊತ್ತು ತಡಕಾಡಿದ ಮೇಲೆ ಚಿತ್ರ ಮಾತ್ರ ಬಂತು. ಅವರು ಎದ್ದು ಮುಂದೆ ಬಂದರು. ಪರದೆಯಿಂದ ಒಂದು ಗೇಣು ದೂರದಲ್ಲಿ ನಿಂತರು. ಅದರ ಬಣ್ಣಗಳೆಲ್ಲ ಅವರ ಕಣ್ಣಲ್ಲೇ ಕುಣಿಯುತ್ತಿದ್ದವು.

"ಈಗ ಬಂತಾ, ಅಕ್ಕ?"

ನಾನು ಪರದೆ ಬಿಟ್ಟು ಅವರ ಕಣ್ಣುಗಳನ್ನೇ ನೋಡಿದೆ. ಅವರು ಸ್ವಲ್ಪ ಕಾದು, ಗೋಡೆ ತಡವಿಕೊಂಡು ಹಿಂದೆ ಹೋಗಿ, ಸರಿಯಾಗಿದ್ದ ವೈರನ್ನು ಮತ್ತೆ ಕಿತ್ತರು.